ಚಪ್ಪಲಿಯಲ್ಲಿ ಕುದುರೆ ಹತ್ತಬಾರದು

ದುಃಖದ ಮನೆಯೆಂದು ನಗೆಯ ಪ್ರಸಂಗಗಳು ಬಾಗಿಲಲ್ಲಿ ನಿಂತು ಕೇಳಿ ಒಳಗೆ ಬರುವುದಿಲ್ಲ. ನಮ್ಮ ಮನೆಗಂತೂ ಒಂದರ ಹಿಂದೆ ಒಂದು ಬಂದವು.

ಅದೊಂದು ಸಾದಾ ಸೋಮವಾರ. ಹುಮನಾಬಾದಿನ ನಮ್ಮ ಶಾಲೆಯಲ್ಲಿ ಐದನೆಯ ತರಗತಿಗೆ ಭಿನ್ನರಾಶಿ ಹೇಳುತ್ತಿದ್ದೆ. ಹಲಗೆಯ ಮೇಲೆ ಮುಕ್ಕಾಲು ಎಂದು ಬರೆಯುವಷ್ಟರಲ್ಲಿ ಬೇಮಳಖೇಡದಿಂದ ಭಾವನ ಫೋನು ಬಂತು. ಬೆಳಿಗ್ಗೆ ಕುರಿ ಬಿಡಲು ಅಲ್ಲಿಗೆ, ತಮ್ಮ ಊರಿಗೆ, ಹೋಗಿದ್ದ ನನ್ನ ಯಜಮಾನರು ದೊಡ್ಡಿಯ ಬಾಗಿಲಲ್ಲೇ ಕುಸಿದು ತೀರಿಕೊಂಡಿದ್ದರು.

ಮರಿಯಿದ್ದಾಗಿನಿಂದ ಅವರು ಸಾಕಿದ ಹೆಣ್ಣು ಕುದುರೆಯೊಂದು ಅಲ್ಲಿ ಉಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ಹೇಳಿದರು: “ತಂಗಿ, ಯಾರೂ ಹತ್ತದ ಕುದುರಿ ಹಟಮಾರಿ ಆಗ್ತದ. ನನಗ ಮೊಣಕಾಲ ಬ್ಯಾನಿ. ಮದುವಿ ಮೆರವಣಿಗಿಗಿ ಕುದುರಿ ಕೊಡೋರು ಕೇಳಾಕತ್ತಾರ. ದೀಪಾವಳಿತನಕ ನೋಡ್ತೀನಿ. ನೀ ಹತ್ತತೀನಿ ಅಂದ್ರ ಇರಲಿ. ಇಲ್ಲಾಂದ್ರ ಅವರಿಗೇ ಕೊಡೂಣು.”

ನಾನು ಅಲ್ಲಿಯವರೆಗೆ ಹತ್ತಿದ್ದು ಬಸ್ಸು ಮಾತ್ರ. “ಹತ್ತತೀನ್ರಿ” ಎಂದುಬಿಟ್ಟೆ.

ಮೊದಲ ಭಾನುವಾರ

ಸಲ್ವಾರ್ ತೊಟ್ಟು, ದಿನದ ಚಪ್ಪಲಿಯಲ್ಲೇ ಹೋದೆ. ಜೀನಿನಿಂದ ಇಳಿಬಿಟ್ಟ, ಕಾಲಿಡುವ ಕಬ್ಬಿಣದ ಬಳೆಗೆ ರಿಕಾಬು ಎನ್ನುತ್ತಾರೆ. ಎಡಗಾಲನ್ನು ಅದರಲ್ಲಿಟ್ಟೆ. ಚಪ್ಪಲಿ ಕೆಳಗೆ ಬಿತ್ತು, ಪಾದ ಬಳೆಯೊಳಗೆ ತೂರಿ ಕಾಲ್ಗಿಣ್ಣಿನವರೆಗೆ ಹೋಯಿತು. ಕುದುರೆ ಮೆಲ್ಲಗೆ ನಡೆಯತೊಡಗಿತು. ನಾನು ಬಲಗಾಲಲ್ಲಿ ಕುಂಟುತ್ತ ಅದರ ಪಕ್ಕದಲ್ಲಿ ಕಣವನ್ನೆಲ್ಲ ಸುತ್ತಿದೆ.

“ಬಿಡು ತಂಗಿ, ಕುದುರಿ ಬಿಡು!” ಎಂದು ಭಾವ ಕೂಗಿದರು.

“ನಾ ಹಿಡಿದಿಲ್ರಿ, ಅದೇ ನನ್ನ ಹಿಡಿದದ!” ಎಂದೆ.

ಹುಮನಾಬಾದಿನ ಅಂಗಡಿ

ಬೂಟು ಬೇಕೇಬೇಕು ಎಂದಾಯಿತು. ಹೈದರಾಬಾದಿನಿಂದ ಮೊಣಕಾಲುದ್ದದ ಅಸಲಿ ಸವಾರಿ ಬೂಟು ತರಿಸಬಹುದಿತ್ತು. ಆದರೆ ಎರಡನೆಯ ಸಲ ಹತ್ತುತ್ತೇನೋ ಇಲ್ಲವೋ ತಿಳಿಯದವಳಿಗೆ ಅಷ್ಟು ದುಬಾರಿಯದು ಯಾಕೆ? ಓದಿ, ಕೇಳಿ ಮೂರು ಸಂಗತಿ ಖಚಿತಪಡಿಸಿಕೊಂಡೆ: ಪಾದ ಮುಂದಕ್ಕೆ ಜಾರದಂತೆ ಚೂರು ಹಿಮ್ಮಡಿ ಇರಬೇಕು, ಬಿದ್ದರೆ ಕಾಲು ಸಲೀಸಾಗಿ ಹೊರಗೆ ಬರುವಂತೆ ಅಡಿ ನುಣ್ಣಗಿರಬೇಕು, ಗಿಣ್ಣು ಮುಚ್ಚಿರಬೇಕು. ಅಳತೆ ತಪ್ಪಬಾರದೆಂದು ರಿಕಾಬನ್ನೇ ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡು ಹೋದೆ.

“ಯಾರಿಗ್ರಿ ಮೇಡಂ, ಮಗಗೇನು?” ಎಂದರು ಅಂಗಡಿಯವರು.

“ನನಗರಿ. ಕುದುರಿ ಹತ್ತಾಕ.”

ಅವರು ಮೊದಲು ನನಗೆ ನೀರು ತರಿಸಿದರು. ಆಮೇಲೆ ಮಳೆಗಾಲದ ರಬ್ಬರ್ ಬೂಟು ತೋರಿಸಿದರು. ರಿಕಾಬು ಹಾಕಿ ನೋಡಿದೆ, ಬೂಟೇ ಅಗಲವಾಯಿತು. ಪೊಲೀಸರ ಬೂಟು ತೋರಿಸಿದರು. ಅದರ ಅಡಿಯ ಹಲ್ಲುಗಳು ಕಬ್ಬಿಣಕ್ಕೆ ಸಿಕ್ಕಿಕೊಂಡವು. ಕಪಾಟಿನಲ್ಲಿದ್ದ ಒಂದೊಂದು ಬೂಟಿಗೂ ಬಳೆ ತೊಡಿಸಿ ತೆಗೆಯುತ್ತಿದ್ದೆ. ಅಂಗಡಿಯವರು ಕೊನೆಗೆ ಕೈಮುಗಿದರು.

“ಮೇಡಂ, ಗಿರಾಕಿ ಎಲ್ಲಾರೂ ಕಾಲು ತರ್ತಾರ್ರಿ. ಕಬ್ಬಿಣ ತಂದವರು ನೀವೇ ಮೊದಲು.”

ಬಸವಕಲ್ಯಾಣದ ಬೈಕು

ಬಸವಕಲ್ಯಾಣದಲ್ಲಿ ಸಿಕ್ಕಿತು. ಹುಡುಗರ ಅಳತೆಯ ಗಿಣ್ಣುದ್ದದ ಚರ್ಮದ ಬೂಟು. ಪಕ್ಕದಲ್ಲಿ ಜಿಪ್ಪು ಇದ್ದದ್ದು ತುಟ್ಟಿ, ಇಲ್ಲದ್ದು ಅಗ್ಗ. ಇಲ್ಲದ್ದನ್ನೇ ಆರಿಸಿದೆ. ಬೀದಿಯ ಮೂಲೆಯ ಚಮ್ಮಾರರು ಹಿಮ್ಮಡಿಗೆ ಒಂದು ಪದರ ಕೂಡಿಸಿಕೊಟ್ಟರು.

ಸವಾರಿ ಬೂಟನ್ನು ನಿಂತು ನೋಡಿದರೆ ಸಾಲದು, ಕಾಲಗಲಿಸಿ ಕುಳಿತು ನೋಡಬೇಕು ಎಂದು ಓದಿದ್ದೆ. ಎದುರಿಗೊಂದು ಬೈಕು ನಿಂತಿತ್ತು. ಹತ್ತಿ ಕುಳಿತು, ಹಿಮ್ಮಡಿ ಕೆಳಗೊತ್ತಿ, ಬೆನ್ನು ನೆಟ್ಟಗೆ ಮಾಡಿ, ಹ್ಯಾಂಡಲ್ಲನ್ನು ಲಗಾಮಿನಂತೆ ಮೆಲ್ಲಗೆ ಎಳೆದು ನೋಡುತ್ತಿದ್ದೆ. ಚಹಾದಂಗಡಿಯಿಂದ ಬೈಕಿನ ಯಜಮಾನರು ಬಂದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ನನ್ನನ್ನು ನೋಡಿದರು, ಬೂಟು ನೋಡಿದರು, ಗೌರವದಿಂದ ಜೇಬಿಗೆ ಕೈಹಾಕಿದರು.

“ಕೀಲಿ ಕೊಡ್ಲೇನ್ರಿ ಮೇಡಂ?”

ಶಾಲೆಯ ವರಾಂಡ

ಹೊಸ ಚರ್ಮ ಮೆತ್ತಗಾಗಲಿ ಎಂದು ಒಂದು ದಿನ ಶಾಲೆಗೇ ಹಾಕಿಕೊಂಡು ಹೋದೆ. ವರಾಂಡದಲ್ಲಿ ಟಕ್ ಟಕ್ ಸದ್ದು ಕೇಳಿ ಮಕ್ಕಳೆಲ್ಲ ಎದ್ದು ನಿಂತರು. ಹೆಡ್‌ಮಾಸ್ತರು ತಪಾಸಣೆಗೆ ಮೇಲಿನ ಸಾಹೇಬರು ಬಂದರೆಂದು ತಿಳಿದು, ತಿನ್ನುತ್ತಿದ್ದ ಚುಡುವಾ ಮೇಜಿನ ಖಾನೆಗೆ ಸುರಿದು ಬಾಗಿಲಿಗೆ ಓಡಿಬಂದರು. ಕೈಮುಗಿದು ತಲೆಯೆತ್ತಿದರೆ ನಾನು.

ಬೈಯುತ್ತಾರೆಂದುಕೊಂಡೆ. ಅವರು ಕಿವಿಗೊಟ್ಟು ನಿಂತರು. ಇಡೀ ಶಾಲೆ ನಿಶ್ಶಬ್ದವಾಗಿತ್ತು.

“ಟೀಚರ್, ನಾಳಿಗೂ ಇದನ್ನೇ ಹಾಕ್ಕೊಂಡ್ ಬರ್ರಿ” ಎಂದರು.

ಹನುಮಾನ ಗುಡಿ

ದೀಪಾವಳಿಯ ಹಿಂದಿನ ಭಾನುವಾರ ಮೆರವಣಿಗೆಯ ಕುದುರೆಯವರು ಹುಮನಾಬಾದಿನಿಂದ ಬೈಕಿನಲ್ಲಿ ಬಂದು ಕುಳಿತಿದ್ದರು. ಭಾವ ನಿಯಮ ಹೇಳಿದರು: ಮನೆಯಿಂದ ಹನುಮಾನ ಗುಡಿಯವರೆಗೆ ಹೋಗಬೇಕು, ಕಾಯಿ ಒಡೆಯಬೇಕು, ಕುದುರೆಯ ಮೇಲೆಯೇ ವಾಪಸು ಬರಬೇಕು. ಅಷ್ಟಾದರೆ ಕುದುರೆ ನನ್ನದು.

ಅಷ್ಟು ಭಾನುವಾರ ಕಣದಲ್ಲಿ ಸುತ್ತಿ ಕಲಿತಿದ್ದೆ. ಗುಡಿಯವರೆಗೆ ಹೋದೆ. ಬೀಳಲಿಲ್ಲ. ಅತ್ತೆ, ಭಾವ, ಕುದುರೆಯವರು ಹಿಂದೆ ನಡೆದು ಬಂದರು. ಕಟ್ಟೆಯ ಮೇಲೆ ಕುಳಿತು ಬೂಟು ಕಳಚಲು ಹೋದರೆ ಬರಲಿಲ್ಲ. ಬಿಸಿಲಿಗೆ ಕಾಲು ಊದಿತ್ತು, ಬೂಟಿಗೆ ಜಿಪ್ಪಿರಲಿಲ್ಲ.

“ಬೂಟು ಹಾಕ್ಕೊಂಡು ಗುಡಿಯೊಳಗ ಹ್ಯಾಂಗ ಹೋಗ್ತಿ ತಂಗಿ?” ಎಂದು ಭಾವ ಜಗ್ಗಿದರು. ಬೂಟಿನ ಜೊತೆ ನಾನೂ ಕಟ್ಟೆಯಿಂದ ಜಾರಿದೆ. ಅತ್ತೆ ದೀಪದ ಎಣ್ಣೆ ತಂದು ಸುರಿದರು. ಭಾವನ ಕೈ ಜಾರಿತೇ ಹೊರತು ಬೂಟು ಜಾರಲಿಲ್ಲ.

ಕುದುರೆಯವರಿಗೆ ನೋಡಲಾಗಲಿಲ್ಲ. “ಸರೀರಿ. ಎಷ್ಟು ಮದುಮಕ್ಕಳ ಬಿಗಿ ಬೂಟು ಜಗ್ಗೀನಿ ನಾ” ಎಂದು ನನಗೆ ಬೆನ್ನು ತಿರುಗಿಸಿ, ಬೂಟನ್ನು ತಮ್ಮ ಮೊಣಕಾಲುಗಳ ನಡುವೆ ಹಿಡಿದು ಬಗ್ಗಿದರು. “ಈಗ ಇನ್ನೊಂದು ಕಾಲು ನನ್ನ ಹಿಂದ ಇಟ್ಟು ಒದೀರಿ ಮೇಡಂ.”

“ಛೇ, ಹ್ಯಾಂಗ್ರಿ ಒದೀಲಿ?” ಎಂದೆ.

ಮಗ ಹೋದ ಮೇಲೆ ಅತ್ತೆ ದನಿಯೇರಿಸಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದು ಇಡೀ ಓಣಿಗೆ ಕೇಳಿಸಿತು.

“ಒದಿ ನನ್ನವ್ವಾ! ನಮ್ಮ ಕುದುರಿ ಒಯ್ಯಾಕ ಬಂದಾನ, ಜೋರ್ಲೆ ಒದಿ!”

ಒದ್ದೆ. ಕುದುರೆಯವರು ಬೂಟಿನ ಸಮೇತ ಹೋಗಿ ತೆಂಗಿನ ಚಿಪ್ಪುಗಳ ರಾಶಿಯ ಮೇಲೆ ಬಿದ್ದರು. ಬಿದ್ದಲ್ಲಿಂದಲೇ ಬೂಟನ್ನು ಮೇಲೆತ್ತಿ ತೋರಿಸಿ, “ಬಂತು!” ಎಂದರು. ಅತ್ತೆ ಸೆರಗು ಬಾಯಿಗೊತ್ತಿಕೊಂಡು ನೆಲಕ್ಕೆ ಕುಳಿತರು. ಭಾವ ಗಂಟೆಯ ಹಗ್ಗ ಹಿಡಿದು ನಗುತ್ತಿದ್ದುದರಿಂದ ಗಂಟೆ ಬಾರಿಸುತ್ತಲೇ ಇತ್ತು. ಎರಡನೆಯ ಬೂಟಿಗೆ ಕುದುರೆಯವರು ತಾವಾಗಿಯೇ ಬಂದು ಬಗ್ಗಿದರು.

ಕಾಯಿ ಒಡೆದೆ. ಎಣ್ಣೆಯ ಬೂಟು ಈಗ ಸಲೀಸಾಗಿ ಕಾಲಿಗೇರಿತು. ಹತ್ತುವಾಗ ಕುದುರೆಯವರು ಸೊಂಟ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ರಿಕಾಬು ಹಿಡಿದರು. “ಹಿಮ್ಮಡಿ ಕೆಳಗರಿ ಮೇಡಂ, ಹಿಮ್ಮಡಿ ಕೆಳಗ” ಎಂದು ಮನೆಯವರೆಗೂ ಹೇಳುತ್ತ ಬಂದರು.

ಚಹಾ ಕುಡಿದು, ಕುದುರೆ ಒಯ್ಯಲೆಂದು ತಂದಿದ್ದ ಹೊಸ ಹಗ್ಗವನ್ನು ಬೈಕಿಗೆ ಸುತ್ತಿಕೊಂಡು, ಅವರು ಹುಮನಾಬಾದಿಗೆ ಹೋದರು.