ನನ್ನ ಸಿಟ್ಟು, ಬಡಗಿಯ ಮೀಸೆ

ನನ್ನ ಭಾಮೈದನ ಮೇಲಿನ ಕೋಪ ನನಗೆ ಇವತ್ತಿಗೂ ಇಳಿದಿಲ್ಲ. ನಾನು ಪ್ಲಂಬರ್. ಅವನು ಕತೆ ಬರೆಯುವವನು. ವಾರಪತ್ರಿಕೆಯಲ್ಲಿ ಅವನ ಕತೆ ಬಂದ ನಾಲ್ಕು ದಿನಕ್ಕೆ ಮನೆಗೇ ಕರೆಸಿ ಕೂರಿಸಿಕೊಂಡೆ.

ನಾನು: ಮೇಷ್ಟ್ರ ಮನೇಲಿ ನಡೆದಿದ್ದನ್ನ ಊಟಕ್ಕೆ ಕೂತಾಗ ಹೇಳಿದ್ದು ಕಣೋ, ಅಚ್ಚು ಹಾಕ್ಸು ಅಂತಲ್ಲ.

ಭಾಮೈದ: ಅದು ನೀವಲ್ಲ ಭಾವ. ಕತೇಲಿರೋನು ಬಡಗಿ.

ನಾನು: ಹೌದೌದು. ನಾನು ನಲ್ಲಿ ಬಿಚ್ಚುವಾಗ ಮೇಷ್ಟ್ರು ತಲೆ ಮೇಲೆ ನಿಂತು ‘ಹಾಗಲ್ಲ, ಹೀಗೆ’ ಅಂತ ಪಾಠ ಮಾಡಿದ್ರು. ನಾನು ಸ್ಪ್ಯಾನರ್ ಅವರ ಕೈಗೇ ಕೊಟ್ಟು ಅವರ ಕುರ್ಚೀಲಿ ಕಾಲು ಚಾಚಿ ಕೂತೆ. ನಿನ್ನ ಬಡಗೀನೂ ಯಜಮಾನನ ಕೈಗೆ ಸುತ್ತಿಗೆ ಕೊಟ್ಟು ಕೂರ್ತಾನೆ. ಇಬ್ಬರೂ ಒಂದೇ ಶಾಲೇಲಿ ಕಲಿತಿರಬೇಕು.

ಭಾಮೈದ: ನಿಮ್ಮ ಮೇಷ್ಟ್ರು ನೀರಲ್ಲಿ ತೊಯ್ದರು. ನನ್ನ ಯಜಮಾನ ಬಚ್ಚಲೊಳಗೆ ನಿಂತು ಬಾಗಿಲಿಗೆ ಮೊಳೆ ಹೊಡ್ಕೋತಾನೆ. ಕತೇಲಿ ಒಂದು ಹನಿ ನೀರಿದ್ರೆ ತೋರ್ಸಿ.

ನಾನು: ಮತ್ತೆ ನಿನ್ನ ಬಡಗಿಗೆ ಈ ಮೀಸೆ ಯಾಕೆ?

ಭಾಮೈದ: ನಿಮ್ಮ ಗುರುತು ಸಿಗದಿರಲಿ ಅಂತ ಇಟ್ಟೆ.

ನಾನು: ಸಿಟ್ಟು ನಂದು, ಮಾತು ನಂದು. ಮೀಸೆ ಯಾರದು, ನಿಮ್ಮಪ್ಪಂದಾ?

ಹೆಂಡತಿ ಒಳಗಿನಿಂದ ಸೌಟು ಹಿಡಿದೇ ಬಂದಳು.

ಹೆಂಡತಿ: ನಮ್ಮಪ್ಪನ್ನ ಯಾಕ್ರೀ ಎಳೀತೀರಾ?

ನಾನು: ನಿನ್ನ ತಮ್ಮ ನನ್ನ ಹೊಟ್ಟೆ ಮೇಲೆ ಹೊಡೆದಿದಾನೆ. ಇದನ್ನ ಓದಿದೋರು ನಾಳೆ ನನ್ನನ್ನ ಕೆಲಸಕ್ಕೆ ಕರೀತಾರಾ?

ಹೆಂಡತಿ: ನಾನೂ ಓದಿದೆ. ಬೀದಿ ಕೊನೆ ಬಡಗಿ ಅಂತಾನೇ ಅಂದ್ಕೊಂಡೆ.

ನಾನು: ಇರುವೆ ಕಚ್ಚಿದ್ರೆ ಇರುವೆಗೇ ಕ್ಷಮೆ ಕೇಳೋನು ಅವನು.

ಹೆಂಡತಿ: ಮೀಸೆ ಇದೆಯಲ್ಲ.

ಅಷ್ಟರಲ್ಲಿ ಆ ಬಡಗಿಯೇ ಪತ್ರಿಕೆ ಸುರುಳಿ ಸುತ್ತಿಕೊಂಡು ಬಾಗಿಲಲ್ಲಿ ನಿಂತ. ಸದ್ಯ, ಜಗಳಕ್ಕೆ ಜೊತೆ ಸಿಕ್ಕಿತು ಎಂದುಕೊಂಡೆ.

ಬಡಗಿ: ಕತೆಗಾರರು ಇಲ್ಲಿದಾರಂತೆ. ಕೈ ಮುಗೀಬೇಕಿತ್ತು.

ನಾನು: ಮುಗಿಯೋದಾ, ಮಾಡೋದಾ?

ಬಡಗಿ: ಮುಗಿಯೋದೇ ಅಣ್ಣ. ಈಗ ಯಾವ ಮನೆಗೆ ಹೋದ್ರೂ ಮೊದಲು ಕುರ್ಚಿ ಹಾಕ್ತಾರೆ, ಆಮೇಲೆ ಹತ್ತಿರ ಸುಳಿಯಲ್ಲ. ಮೇಷ್ಟ್ರಂತೂ ಓದಿ ಬಿದ್ದು ಬಿದ್ದು ನಕ್ಕರು. ‘ಅಂಥ ಯಜಮಾನನಿಗೆ ಹಾಗೇ ಆಗ್ಬೇಕು’ ಅಂದು ಕಿಟಕಿ ಕೆಲಸ ಪೂರ್ತಿ ನಂಗೇ ಕೊಟ್ರು.

ನಾನು: ಯಾವ ಮೇಷ್ಟ್ರು? ನನ್ನನ್ನ ಗೇಟಿನಾಚೆ ಅಟ್ಟಿದೋರಾ?

ಬಡಗಿ: ಅವರೇ. ‘ಸಿಟ್ಟು ಮಾಡಿದ್ರೆ ನಿನ್ನ ಥರ ಮಾಡಬೇಕು, ಆ ಪ್ಲಂಬರ್‌ಗೆ ಅದೂ ಬರಲ್ಲ’ ಅಂದ್ರು.

ನಾನು: ಲೋ, ಕತೇಲಿರೋನು ನಾನು ಕಣೋ.

ಬಡಗಿ: ಬಿಡಿ ಅಣ್ಣ. ಹೊಟ್ಟೆಕಿಚ್ಚು ಯಾರಿಗಿಲ್ಲ.

ಮೀಸೆ ನೀವಿಕೊಂಡು ಹೊರಟುಹೋದ.

ನಾನು: ಅದು ನಾನೇ ಅಂತ ಮುಂದಿನ ವಾರ ಬರಿ.

ಭಾಮೈದ: ಯಾಕೆ ಬರೆದೆ ಅಂತ ಈಗಷ್ಟೇ ಬೈದ್ರಲ್ಲ.

ನಾನು: ಆಗ ಮರ್ಯಾದೆ ಹೋಗ್ತಿದೆ ಅಂದ್ಕೊಂಡಿದ್ದೆ. ಬರ್ತಿದೆ, ಆದರೆ ಬೀದಿ ಕೊನೆಗೆ.

ಭಾಮೈದ: ಸರಿ ಭಾವ, ಮಾತು ಕೊಟ್ಟೆ. ಮುಂದಿನ ಕತೇಲಿ ಪ್ಲಂಬರೇ ನಾಯಕ.

ಕತೆ ಬಂತು. ಪ್ಲಂಬರೂ ಇದ್ದ. ಯಾರು ಏನು ಬೈದರೂ ‘ಆಗಲಿ ಸ್ವಾಮಿ’ ಎನ್ನುವ, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಪ್ರಾಣಿ.

ನಾನು: ಇವನ್ಯಾರೋ?

ಭಾಮೈದ: ಇದು ಬಡಗಿ, ಭಾವ. ಗುರುತು ಸಿಗದಿರಲಿ ಅಂತ ಮೀಸೆ ಬೋಳಿಸಿದೆ.

ನನ್ನ ಸಿಟ್ಟು ನನ್ನ ಹೆಸರಿಗೆ ಬರುವುದು ಇನ್ನೂ ಬಾಕಿ ಇದೆ. ಬಡಗಿಯ ಹತ್ತಿರವೇ ವಾಪಸು ಕೇಳೋಣವೆಂದರೆ, ಅವನಿಗೆ ಈಗ ನಿಜವಾಗಿಯೂ ಸಿಟ್ಟು ಬರುತ್ತದೆ.