ನಪಾಸಾದ ನಾಲ್ಕನೇ ನಂಬರ್ ಜೋಳ

ಜೋಳದ ಪ್ರಯೋಗ ಮಾಡಲು ತಲೆ ಬೇಕು ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಬಿತ್ತುವುದು, ಕೊಯ್ಯುವುದು, ತೂಗುವುದು. ಇದರಲ್ಲಿ ತಲೆಗೇನು ಕೆಲಸ?

ನಿಜಾಮರ ಆಳ್ವಿಕೆ ಮುಗಿದು, ಕನ್ನಡ ರಾಜ್ಯ ಇನ್ನೂ ಹುಟ್ಟದಿದ್ದ ವರ್ಷಗಳವು. ಶಹಾಪುರದ ಬೇಸಾಯ ಕಚೇರಿಯಲ್ಲಿ ನನಗೆ ಹೊಸ ನೌಕರಿ. ಕಚೇರಿಯ ಹಳೆಯ ಕಾಗದ ಉರ್ದುವಿನಲ್ಲಿ, ಹೊಸ ಕಾಗದ ಇಂಗ್ಲಿಷಿನಲ್ಲಿ, ನನ್ನ ತಲೆ ಕನ್ನಡದಲ್ಲಿ. ಒಂದು ದಿನ ಸಾಹೇಬರು ನಾಲ್ಕು ಪುಟ್ಟ ಚೀಲ ಬಿಳಿಜೋಳದ ಬೀಜ ಕೊಟ್ಟರು. ಚೀಲಗಳ ಮೇಲೆ ಹೆಸರಿಲ್ಲ, ಒಂದರಿಂದ ನಾಲ್ಕರವರೆಗೆ ನಂಬರ್ ಮಾತ್ರ.

"ಬಹಳ ದೂರದಿಂದ ಬಂದ ಬೀಜ. ಮತ್ತೆ ಸಿಗೋದಿಲ್ಲ. ಹೊಲವನ್ನು ಸಮಸಮ ಭಾಗ ಮಾಡಿ, ಪ್ರತಿ ಭಾಗದಲ್ಲೂ ನಾಲ್ಕನ್ನೂ ಬಿತ್ತಿ. ಯಾವುದು ಒಳ್ಳೆಯದು ಅಂತ ಹೇಳಿ," ಎಂದರು.

ಇಷ್ಟೇ ತಾನೇ ಎಂದು ಚೀಲಗಳನ್ನು ಹೊತ್ತು ನೇರವಾಗಿ ಹೆಂಡತಿಯ ತವರಾದ ರಂಗಂಪೇಟೆಗೆ ಹೋದೆ. ಮಾವ ಸಂಗಪ್ಪನವರಿಗೆ ಅಳಿಯನ ಸರಕಾರಿ ನೌಕರಿಯ ಮೇಲೆ ಬಹಳ ಭರವಸೆ.

"ನಿಮ್ಮ ಲೆಕ್ಕದಾಗ ಗೆದ್ದ ಜೋಳಾನ ಬೀಜಕ್ಕ ಇಟ್ಟು, ಬರೋ ವರ್ಷದಿಂದ ಇಡೀ ಹೊಲಕ್ಕ ಅದನ್ನ ಬಿತ್ತತೀನ್ರಿ ಅಳ್ಯಾರ. ಸೋತಿದ್ದು ಬೀಸೋಕಲ್ಲಿಗೆ," ಎಂದರು.

ಹೊಲಕ್ಕೆ ಹೋಗಿ ನೋಡಿದರೆ ಸಮ ಎಂಬ ಮಾತೇ ಅಲ್ಲಿರಲಿಲ್ಲ. ಒಡ್ಡು ಹಾಕಿದ ಮೂರು ತುಂಡು ಭೂಮಿ. ಮೇಲಿನದು ದೊಡ್ಡದು, ಆದರೆ ಗರಸು, ಬರೀ ಕಲ್ಲುಮಿಶ್ರಿತ ನೆಲ. ನಡುವಿನದು ಅದಕ್ಕಿಂತ ಚಿಕ್ಕದು. ಹಳ್ಳದ ಕಡೆಯದು ಅಂಗೈಯಷ್ಟು, ಆದರೆ ಒಳ್ಳೆಯ ಎರೆ ಮಣ್ಣು. ಒಡ್ಡು ಒಡೆದು ಸಮ ಮಾಡೋಣವೇ ಎಂದು ಗಂಭೀರವಾಗಿ ಕೇಳಿದೆ.

"ಆ ಒಡ್ಡು ನಮ್ಮಪ್ಪ ಹಾಕಿದ್ದದರಿ. ನಿಮ್ಮ ಕಾಗದಾನ ಅದಕ್ಕ ಹೊಂದಿಸ್ಕೊರ್ರಿ," ಎಂದರು ಮಾವ.

ಹೊಂದಿಸಿಕೊಂಡೆ. ಮೇಲಿನ ತುಂಡಿನಲ್ಲಿ ನಾಲ್ಕೂ ಜೋಳ ಹಿಡಿದವು. ನಡುವೆ ಮೂರಕ್ಕೇ ಜಾಗ, ಎರಡು, ಮೂರು ಮತ್ತು ನಾಲ್ಕನೇ ನಂಬರ್ ಹಾಕಿದೆ. ಹಳ್ಳದ ಪಕ್ಕ ಎರಡೇ, ಒಂದು ಮತ್ತು ಎರಡು. ಕೆಲಸ ಮುಗಿಯಿತು ಎಂದು ಕೈ ಝಾಡಿಸಿಕೊಂಡೆ. ಅದು ಶುರುವಾಗಿದ್ದೇ ಆಗ.

ತೆನೆ ಹಾಲುಗಾಳಾದಾಗ ಸೀತನಿಯ ಸಮಯ ಬಂತು. ಹಸಿ ತೆನೆಯನ್ನು ಕುಳ್ಳು-ಬೆರಣಿಯ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿ ಕಾಳಿಗೆ ಬೆಲ್ಲ ಮತ್ತು ಶೇಂಗಾ ಚಟ್ನಿಪುಡಿ ಹಚ್ಚಿ ತಿನ್ನುವುದು. ಆ ದಿನಗಳಲ್ಲಿ ಹೊಲಕ್ಕೆ ಬಂದವರನ್ನು ಸೀತನಿ ತಿನ್ನಿಸದೆ ಕಳಿಸಿದರೆ ಮನೆತನದ ಮರ್ಯಾದೆಯೇ ಹೋಯಿತು. ಸಾಹೇಬರೂ ಪ್ರಯೋಗ ನೋಡಲು ಎರಡು ಸಲ ಬಂದರು. ಎರಡು ಸಲವೂ ಪ್ರಯೋಗ ನೋಡಿದ್ದು ಸ್ವಲ್ಪ, ಕೆಂಡದ ಮುಂದೆ ಕೂತಿದ್ದು ಬಹಳ. ಬೀಗರು ಬಂದರು, ಬೀಗರ ಬೀಗರೂ ಬಂದರು. ನಾನೂ ನಾಚಿಕೆಪಡಲಿಲ್ಲ.

ಕೊಯ್ಲಾಯಿತು, ರಾಶಿಯಾಯಿತು. ಪ್ರತಿ ತುಂಡಿನ ಪ್ರತಿ ಜೋಳವನ್ನೂ ಬೇರೆ ಬೇರೆ ತೂಗಿ ಬರೆದೆ. ಒಂದೊಂದು ನಂಬರಿನ ತೂಕ ಕೂಡಿಸಿ ಸರಾಸರಿ ತೆಗೆದಾಗ ಒಂದನೇ ನಂಬರ್ ಗೆದ್ದಿತು. ರೊಟ್ಟಿ ಬಡಿಯುತ್ತಿದ್ದ ನೀಲಮ್ಮನಿಗೆ, ಅಂದರೆ ನನ್ನ ಹೆಂಡತಿಗೆ, ಹೆಮ್ಮೆಯಿಂದ ತಿಳಿಸಿದೆ.

"ಒಂದನೇದು ಹಳ್ಳದ ಕಡೆ ಇತ್ತಲ್ರಿ," ಎಂದಳು. "ಅಲ್ಲಿ ಏನ್ ಒಗದ್ರೂ ಬೆಳೀತದ. ನನ್ನ ರೊಟ್ಟಿ ಛಲೋನೋ ನಮ್ಮ ವೈನಿ ರೊಟ್ಟಿ ಛಲೋನೋ ನೋಡಬೇಕಂದ್ರ ಇಬ್ಬರೂ ಒಂದ ಒಲಿ ಮ್ಯಾಲ ಬೇಯಿಸಬೇಕು. ಆಕಿದು ಉರಿಯೋ ಒಲಿ, ನಂದು ಹೊಗಿ ಒಲಿ ಆದ್ರ ಹ್ಯಾಂಗ?"

ತಲೆ ಗಿರ್ರೆಂದಿತು. ಒಂದು ಒಲೆಯ ಮೇಲೆ ನಾಲ್ಕು ರೊಟ್ಟಿ, ಇನ್ನೊಂದರ ಮೇಲೆ ಮೂರು, ಮತ್ತೊಂದರ ಮೇಲೆ ಎರಡು. ಯಾವುದನ್ನು ಯಾವುದಕ್ಕೆ ಹೋಲಿಸುವುದು? ಮೂರು ದಿನ ಕೂಡಿಸಿದೆ, ಕಳೆದೆ, ಹರಿದೆ. ಕನಸಿನಲ್ಲೂ ಒಡ್ಡುಗಳೇ ಬಂದವು. ಕಡೆಗೆ ಸರಾಸರಿ ಬಿಟ್ಟು, ಒಂದೊಂದು ತುಂಡಿನ ಒಳಗೇ ಜೋಳಕ್ಕೆ ಜೋಳ ಹೋಲಿಸಿದೆ. ಲೆಕ್ಕ ತಿರುಗಿಬಿತ್ತು. ಮೇಲಿನ ತುಂಡಿನಲ್ಲೂ ನಡುವಿನದರಲ್ಲೂ ಗೆದ್ದದ್ದು ಮೂರನೇ ನಂಬರ್. ಎರಡೂ ಕಡೆ ಎಲ್ಲಕ್ಕಿಂತ ಕೆಳಗೆ ಬಿದ್ದದ್ದು ನಾಲ್ಕನೇದು. ಅದರ ಮುಂದೆ "ಬಿತ್ತನೆಗೆ ಅಯೋಗ್ಯ" ಎಂದು ದಪ್ಪಕ್ಷರದಲ್ಲಿ ಬರೆದು ಕಳಿಸಿದೆ. ಲೆಕ್ಕದ ಕ್ರಮ ಬಹಳ ಸರಿಯಾಗಿದೆ ಎಂದು ಸಾಹೇಬರು ಬೆನ್ನು ತಟ್ಟಿದರು.

ಯುಗಾದಿಗೆ ರಂಗಂಪೇಟೆಗೆ ಹೋದಾಗ ನಾನು ಸ್ವಲ್ಪ ಬೀಗಿಯೇ ನಡೆಯುತ್ತಿದ್ದೆ. ಊಟಕ್ಕೆ ಕೂತೆವು. ರೊಟ್ಟಿ ಬಾಯಿಗಿಟ್ಟರೆ ಬೆಣ್ಣೆ.

"ಇದು ಯಾವ ಜೋಳ?" ಎಂದೆ.

"ನೀವು ನಪಾಸ್ ಮಾಡಿದ್ದು, ನಾಕನೇದು," ಎಂದಳು ನೀಲಮ್ಮ.

ಮಾವ ತಲೆ ಅಲ್ಲಾಡಿಸಿದರು. "ಅದು ಹ್ಯಾಂಗ ನಪಾಸಾತು ಅಂತ ನನಗೂ ತಿಳೀಲಿಲ್ರಿ ಅಳ್ಯಾರ. ಅಷ್ಟು ದಪ್ಪ ತೆನಿ, ಅಷ್ಟು ಸಿಹಿ. ಬಂದವರಿಗೆಲ್ಲ ಸೀತನಿಗೆ ಅದನ್ನ ಮುರದು ಕೊಟ್ಟೆ. ಮನಿಗೆ ಬಂದವರಿಗೆ ಛಲೋದು ಬಿಟ್ಟು ಹಲ್ಕಾದು ಕೊಡಾಕ ಆಗ್ತದೇನು? ಸಾಹೇಬರಿಗೆ ನೀವ ನಿಂತು ಆರಿಸಿ ಮುರದ್ರಿ."

ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟೆ. ಹೌದು, ನಾನೇ ಮುರಿದಿದ್ದೆ. ಮೇಲಿನ ತುಂಡಿನಲ್ಲೂ, ನಡುವಿನದರಲ್ಲೂ.

"ತೂಗುವಾಗ ಯಾಕೆ ಹೇಳಲಿಲ್ಲ?"

"ತಿಂದಿದ್ದಕ್ಕೂ ನಿಮ್ಮ ಕಾಗದದಾಗ ಜಾಗ ಇರ್ತದ ಅಂತ ತಿಳಿದಿದ್ದೆ. ನೀವು ಓದಿದವರು."

ನನಗೆ ನಿಜಕ್ಕೂ ಅಳು ಬಂದಂತಾಯಿತು. ಅವರು ಇಡೀ ಹೊಲವನ್ನೇ ನನ್ನ ಮಾತಿನ ಮೇಲೆ ಬಿಟ್ಟಿದ್ದರು. ಗೆದ್ದ ಜೋಳವನ್ನು ನಾನು ಸೋಲಿಸಿ ಬೀಸೋಕಲ್ಲಿಗೆ ಹಾಕಿಸಿದ್ದೆ.

"ಬೀಜಕ್ಕೆ ಒಂದು ಹಿಡಿಯಾದರೂ ಉಳಿದಿದೆಯೇನು?" ಎಂದೆ.

ನೀಲಮ್ಮ ಒಳಗೆ ಹೋಗಿ ಹಿಟ್ಟಿನ ಡಬ್ಬಿ ಬಗ್ಗಿಸಿ ನೋಡಿ ಬಂದಳು. "ನಿಮ್ಮ ತಾಟಿನಾಗ ಇರೋದ ಕಡೇದು," ಎಂದಳು.

ಬಿತ್ತನೆಗೆ ಅಯೋಗ್ಯ ಎಂದು ಸರಕಾರಕ್ಕೆ ಬರೆದುಕೊಟ್ಟವನು ನಾನೇ. ಉಳಿದರ್ಧ ರೊಟ್ಟಿಯನ್ನು ಮೆಲ್ಲಗೆ ಅಗಿದು, ತಾಟನ್ನು ಬೆರಳಿನಿಂದ ಒರೆಸಿಕೊಂಡು ತಿಂದೆ.