ಮಾಮಾ ನೋಡದ ಕಡಲೂರು

ಸಮುದ್ರದ ಬಗ್ಗೆ ನಮ್ಮ ಮಾಮಾನಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದು: ಅದು ನೋಡಲು ಹೇಗಿರುತ್ತದೆ ಎಂಬುದು! ಮಿಕ್ಕಿದ್ದೆಲ್ಲ ಅವನಿಗೆ ಬಾಯಿಪಾಠ.

ಅಮ್ಮನ ಈ ತಮ್ಮ ಚಿತ್ತವಾಡ್ಗಿಯವನು. ಹೊಸಪೇಟೆ ಸ್ಟೇಷನ್ನಿನಿಂದ ಹಂಪಿಗೆ ಆಟೋ ಓಡಿಸುತ್ತಾನೆ. ಅವನ ಆಟೋ ಹತ್ತುವವರಲ್ಲಿ ಎಷ್ಟೋ ಮಂದಿ ಕರಾವಳಿಯ ಒಂದು ಪುಟ್ಟ ಊರಿನಿಂದ ಬಂದವರು, ಇಲ್ಲವೇ ಹಂಪಿ ಮುಗಿಸಿ ಅಲ್ಲಿಗೆ ಹೊರಟವರು. ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವುದಕ್ಕೆ, ಅಂದರೆ ಸರ್ಫಿಂಗಿಗೆ, ಹೆಸರಾದ ಊರು ಅದು. ಊರಿನ ಹೆಸರು ಮಾತ್ರ ನಾನು ಹೇಳುವುದಿಲ್ಲ. ಮಾಮಾ ಹೇಳಿದ್ದಕ್ಕೆಲ್ಲ ಆ ಊರನ್ನು ಹೊಣೆ ಮಾಡುವುದು ಯಾವ ನ್ಯಾಯ?

ಅಲ್ಲಿಂದ ಬಂದವರಿಗೆ ಆಟೋದಲ್ಲೇ ವಿಚಾರಣೆ. "ಏನ್ ತಿಂದ್ರಿ? ಯಾವ ಅಂಗಡ್ಯಾಗ? ಬಿಸಿ ಇತ್ತೇನ್ರಿ?" ಅಲ್ಲಿಗೆ ಹೊರಟವರಿಗೆ ಉಪದೇಶ. "ಬಸ್ ಇಳದ ಕೂಡ್ಲೆ ರೂಮ್ ಹುಡುಕಬ್ಯಾಡ್ರಿ. ಮೊದಲ ಬನ್ಸ್ ತಿನ್ರಿ. ಹತ್ತು ಗಂಟಿಗೆ ಖಾಲಿ ಆಗತಾವು. ರೂಮ್ ಎಲ್ಲಿಗೆ ಓಡಿ ಹೋಗ್ತೈತಿ?"

ಇಲ್ಲಿಯವರೆಗೆ ನನ್ನ ಆಕ್ಷೇಪವಿಲ್ಲ. ಆದರೆ ಮೀನು? ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೆ ಮೂಗು ಮುಚ್ಚಿಕೊಳ್ಳುವ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಈ ಮನುಷ್ಯ ಮೀನಿನ ಶಿಫಾರಸು ಮಾಡುವುದೇ! "ಬಂಗುಡೆ ಬ್ಯಾರೆ ಕಡೆ ತಿಂದ್ರ ವೇಸ್ಟ್ ರಿ. ದೋಣಿ ನಿಲ್ಲೋ ಕಡೆ ಹೆಂಚಿನ ಮನಿ ಐತಿ, ಅಲ್ಲೇ ತಿನ್ರಿ. ಮ್ಯಾಲ ನಿಂಬಿಹಣ್ಣು ಹಿಂಡ್ಕೋರಿ."

"ಮಾಮಾ, ನೀ ತಿಂದಿದ್ದಿ ಏನು?" ಎಂದರೆ, "ವಕೀಲಮ್ಮ, ಡಾಕ್ಟರಿಗೆ ಎಲ್ಲಾ ರೋಗ ಬಂದಿರ್ತಾವೇನು?" ಎನ್ನುತ್ತಾನೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪು ತಂದಾಗಿನಿಂದ ನಾನು ಅವನಿಗೆ ವಕೀಲಮ್ಮ.

ಒಮ್ಮೆ ಒಬ್ಬ ಪ್ರಯಾಣಿಕರು ಕಮಲಾಪುರದವರೆಗೂ ಈ ಪುರಾಣವನ್ನೆಲ್ಲ ಕೇಳಿಸಿಕೊಂಡು ಕೊನೆಗೆ, "ಆ ಹೆಂಚಿನ ಮನೆ ನಮ್ಮದೇ ಮಾರಾಯ್ರೆ!" ಎಂದರಂತೆ. ಬೇರೆ ಯಾರಾದರೂ ನಾಚಿಕೊಂಡು ಸುಮ್ಮನಾಗುತ್ತಿದ್ದರು. ಮಾಮಾ ಆಟೋ ಬದಿಗೆ ನಿಲ್ಲಿಸಿ ಹಿಂದಕ್ಕೆ ತಿರುಗಿದ. "ಛಲೋ ಆತು ಬಿಡ್ರಿ. ಹೋದ ತಿಂಗಳ ನಿಮ್ಮಲ್ಲಿ ಉಪ್ಪು ಒಂದೀಟು ಜಾಸ್ತಿ ಆಗಿತ್ತಂತ. ಮನ್ಯಾಗ ಹೇಳ್ರಿ."

ಕಂಪ್ಲಿಯ ಪ್ರಸಂಗ ಇನ್ನೂ ದೊಡ್ಡದು. ನಮ್ಮ ದೊಡ್ಡಪ್ಪನಿಗೆ ಅಲ್ಲಿ ಅಕ್ಕಿ ಗಿರಣಿ. ಊಟಕ್ಕೆಂದು ಎಲ್ಲರೂ ಹೋಗಿದ್ದಾಗ ಗಿರಣಿಯ ಅಂಗಳದಲ್ಲಿ ಆಳೆತ್ತರದ ಭತ್ತದ ರಾಶಿ. ಅದನ್ನು ನೋಡಿದ್ದೇ ಮಾಮಾ ಎಲ್ಲಿಂದಲೋ ಒಂದು ಹಲಗೆ ತಂದ, ರಾಶಿಯ ನೆತ್ತಿ ಹತ್ತಿದ, ಹಲಗೆಯ ಮೇಲೆ ಬೋರಲು ಮಲಗಿ ಎರಡೂ ಕೈಯಿಂದ ಭತ್ತ ಬಡಿಯತೊಡಗಿದ. "ಅಲಿ ಬಂತು! ಈಗ ಎದ್ದು ನಿಲ್ಲೂದು ನೋಡ್ರಿ!" ಎದ್ದು ನಿಂತದ್ದೂ ನಿಜ. ಮರುಕ್ಷಣ ಹಲಗೆ ಒಂದು ಕಡೆ, ಮಾಮಾ ಸೊಂಟದವರೆಗೆ ಭತ್ತದೊಳಗೆ!

"ಏ ಬೀಗ್ರ, ಅದು ಮಾರೋ ಭತ್ತ ಐತ್ರಿ!" ದೊಡ್ಡಪ್ಪ ಓಡಿ ಬಂದರು.

ಮಾಮಾ ಬಾಯಿಂದ ಹೊಟ್ಟು ಉಗುಳುತ್ತಾ, "ಬಿದ್ದಿಲ್ರಿ ಬೀಗ್ರ. ಅಲಿ ಮುಗೀತು" ಎಂದ.

ಎಲ್ಲರಿಗಿಂತ ಹೆಚ್ಚು ನಕ್ಕವಳು ಅತ್ತೆ, ಮಾಮಾನ ಹೆಂಡತಿ. ನಕ್ಕು ನಕ್ಕು ಗೋಡೆ ಹಿಡಿದಳು, ಹಾಗೇ ಕುಸಿದು ಕುಳಿತಳು. ನಗುವುದಕ್ಕೂ ಉಸಿರು ಸಾಲುತ್ತಿಲ್ಲ ಎಂದು ನಮಗೆ ತಿಳಿದದ್ದು ಅವತ್ತೇ.

ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಹೊಸಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಊರು ಬಿಟ್ಟು ಹೋಗುವಂತಿಲ್ಲ. ನೀರನ್ನೂ ಅಳೆದೇ ಕುಡಿಯಬೇಕು. ಅಳೆಯುವವನು ಮಾಮಾ. ಪುಟ್ಟ ಸ್ಟೀಲ್ ಲೋಟದಲ್ಲಿ ಅರ್ಧ ಸುರಿದು, "ಸಾಕು ನೋಡು" ಎನ್ನುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಆ ನಾಲ್ಕು ತಾಸು ಮಾಮಾ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕಡಲೂರಿನ ಕಥೆ ಹೇಳುತ್ತಿದ್ದ. ಮದುವೆಗೆ ಮೊದಲು ಸಂಡೂರಿನ ಅದಿರು ಲಾರಿ ಹತ್ತಿ ತಾನು ಅಲ್ಲಿಗೆ ಹೋಗಿದ್ದೆ ಎಂದು ಅತ್ತೆಗೆ ಹೇಳಿದ್ದ. "ನೀ ಆರಾಮಾಗು, ಇಬ್ರೂ ಹೋಗೂಣು" ಎಂದು ಶುರು ಮಾಡಿದರೆ ಯಾವ ಓಣಿಯಲ್ಲಿ ನೀರುದೋಸೆ, ಯಾವ ಮರದ ಕೆಳಗೆ ಗೋಳಿಬಜೆ, ಎಲ್ಲಿ ಕುಳಿತರೆ ಹಲಗೆ ಸವಾರರು ಬೀಳುವುದು ಚೆನ್ನಾಗಿ ಕಾಣುತ್ತದೆ, ಒಂದನ್ನೂ ಬಿಡುತ್ತಿರಲಿಲ್ಲ. ಅಕ್ಕಪಕ್ಕದ ಮಂಚದವರೂ ಕಿವಿಗೊಡುತ್ತಿದ್ದರು.

ಇನ್ನು ನನ್ನ ಸಾಧನೆಯನ್ನು ಹೇಳಬೇಕು. ಒಂದು ಮಧ್ಯಾಹ್ನ ಡಬ್ಬಿ ಕೊಡಲು ಹೋಗಿದ್ದೆ. ಮಾಮಾ ಹೇಳುತ್ತಿದ್ದ: "ಮುಂಜಾನೆ ಐದಕ್ಕ ಏಳೂದು, ಮರಳಾಗ ಕುಂದ್ರೂದು. ಸೂರ್ಯ ಸಮುದ್ರದಾಗಿಂದ ಕೆಂಪಗ ಮ್ಯಾಲ ಬರ್ತಾನ..."

ಸುಳ್ಳು ಕಿವಿಗೆ ಬಿದ್ದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಮಾಮಾ, ನಮ್ಮ ಕರಾವಳಿ ಯಾವ ದಿಕ್ಕಿಗೈತಿ?"

"ಪಶ್ಚಿಮಕ್ಕ."

"ಸೂರ್ಯ ಯಾವ ದಿಕ್ಕಿಗೆ ಹುಟ್ತಾನ?"

ಮಾಮಾ ಕಿಟಕಿಯ ಕಡೆ ಬೆರಳು ಎತ್ತಿದವನು ಹಾಗೇ ಕೆಳಗಿಳಿಸಿದ.

"ಅಂದಮ್ಯಾಲ ನೀ ಆ ಊರಿಗೆ ಹೋಗೇ ಇಲ್ಲ!"

ತಪ್ಪು ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತಿತ್ತು. ಹಂಪಿಗೆ ಬಂದವರಿಗೆಲ್ಲ ಮಾತಂಗ ಬೆಟ್ಟದ ಸೂರ್ಯೋದಯ ಬೇಕು. ವರ್ಷಗಟ್ಟಲೆ ಅವರನ್ನು ಬೆಳಗಿನ ಐದಕ್ಕೆ ಬೆಟ್ಟದ ಬುಡಕ್ಕೆ ಬಿಟ್ಟವನು, ಪ್ರವಾಸಿಗರು ಇರುವಲ್ಲೆಲ್ಲ ಸೂರ್ಯ ಅವರ ಕಣ್ಣೆದುರೇ ಹುಟ್ಟುತ್ತಾನೆ ಎಂದುಕೊಂಡಿದ್ದ. ಅದನ್ನೂ ಬಿಡಿಸಿ ಹೇಳಿದೆ. ಪಕ್ಕದ ಮಂಚದವರು ನಕ್ಕರು. ನಾನು ಚಪ್ಪಾಳೆಗೆ ಕಾಯುವವಳಂತೆ ನಿಂತಿದ್ದೆ.

"ಹೌದಲ್ಲ," ಎಂದ ಮಾಮಾ. "ಆಟೋ ನೆಳ್ಳಿಗೆ ಹಚ್ಚಿ ಬರ್ತೀನಿ." ಎದ್ದು ಹೋದ. ಆಟೋ ನೆರಳಲ್ಲೇ ಇತ್ತು.

ಅತ್ತೆ ನನ್ನನ್ನು ಹತ್ತಿರ ಕರೆದಳು. "ನಂಗ ಮೊದಲ ಗೊತ್ತಿತ್ತಲೇ. ಲಾರಿ ಹತ್ತಿದ್ದು ಖರೆ. ಸಂಡೂರು ಘಾಟಿನಾಗ ವಾಂತಿ ಮಾಡ್ಕೊಂಡು, ಅಲ್ಲೇ ಇಳದು ವಾಪಸ್ ಬಂದಿದ್ರು. ಲಗ್ನಾದ ವಾರದಾಗ ನಿಮ್ಮವ್ವನೇ ಹೇಳಿದ್ಲು." ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿದಳು. "ಗೆದ್ದಿ ಬಿಡು. ಇನ್ನ ಈ ನಾಕು ತಾಸು ನಾ ಏನ್ ಕೇಳ್ಲಿ?"

ಎಷ್ಟು ವೇದಿಕೆಗಳಲ್ಲಿ ಎಷ್ಟು ಪ್ರಶ್ನೆಗಳನ್ನು ಎದುರಿಸಿದ್ದೇನೆ! ಇದೊಂದಕ್ಕೆ ಮಾತ್ರ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಹೊರಗೆ ಬಂದೆ.

ಮುಂದಿನ ಎರಡು ಸರದಿಗಳಲ್ಲಿ ಮಾಮಾ ಸ್ಟೂಲಿನ ಮೇಲೆ ಮೂಕನಾಗಿ ಕುಳಿತಿದ್ದ. ಅತ್ತೆ ಹತ್ತು ನಿಮಿಷಕ್ಕೊಮ್ಮೆ ಟೈಮ್ ಎಷ್ಟಾತು ಎಂದು ಕೇಳುತ್ತಿದ್ದಳು. ಹಿಂದೆ ಒಂದು ದಿನವೂ ಕೇಳಿದವಳಲ್ಲ.

"ತಪ್ಪಾತು ಮಾಮಾ. ಮೊದಲಿನಂಗ ಹೇಳು," ಎಂದೆ.

"ನೀ ಹೇಳಿದ್ದು ಖರೆ ಐತಲ್ಲಲೇ. ಖರೆ ಹೇಳಿದ್ದಕ್ಕ ಯಾಕ ತಪ್ಪಾತು ಅಂತಿ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನಾದರೂ ವಾದ ಮಾಡಿ ಹಗುರಾಗುತ್ತಿದ್ದೆ.

ಅತ್ತೆ ಹೋಗಿ ಈಗ ಆರು ತಿಂಗಳು. ಮಾಮಾ ಆಟೋ ಓಡಿಸುತ್ತಾನೆ. ಯಾರಿಗೂ ಏನು ತಿನ್ನಬೇಕೆಂದು ಹೇಳುವುದಿಲ್ಲ. ಆದರೆ ಅತ್ತೆ ಇದ್ದಾಗ, ಅವನು ಮೂಕನಾಗಿ ಕುಳಿತ ಆ ಎರಡು ಸರದಿಗಳಾದ ಮೇಲಿನ ಸರದಿಯಲ್ಲಿ ನಾನೂ ಅಲ್ಲಿದ್ದೆ. ಕೈಗೆ ಸೂಜಿ ಚುಚ್ಚಿ, ಯಂತ್ರ ಶುರುವಾಗಿ ಬಹಳ ಹೊತ್ತಾಗಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡೇ ಮಾತು ತೆಗೆದಳು.

"ಏನ್ರಿ, ಬಸ್ ಇಳದೀವಿ. ಚೀಲ ನನ್ನ ಕೈಯಾಗ ಯಾಕ ಕೊಟ್ರಿ?"

ಮಾಮಾ ತಲೆ ಎತ್ತಿದ. ಅವಳನ್ನು ನೋಡಿದ, ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಇಲ್ಲಿ ಕೊಡು," ಎಂದ ಕೊನೆಗೆ.

"ಭಾಳ ಬಿಸಿಲೈತಿ. ಇಲ್ಲೊಬ್ಬಾಕಿ ಮುದುಕಿ ಎಳನೀರು ಇಟ್ಕೊಂಡು ಕುಂತಾಳ. ನಿಮ್ಮ ಟೂರಿಸ್ಟರು ಒಬ್ಬರೂ ಈಕಿನ್ನ ನೋಡಿಲ್ಲ."

"ನೋಡಿದ್ರ ನಂಗ ಹೇಳ್ತಿದ್ರು."

"ಎರಡು ಕೊಚ್ಚಾಕ ಹೇಳೀನಿ. ಎರಡೂ ನಂಗ."

ಎಳನೀರು ಅವಳಿಗೆ ವಿಷ ಎಂದು ಡಾಕ್ಟರು ಹೇಳಿದ್ದರು. ಮಾಮಾ ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡ.

"ಕುಡಿ. ಸಾವಕಾಶ ಕುಡಿ. ಇನ್ನೊಂದು ಹೇಳ್ಲೇನು?"

"ಹೇಳ್ರಿ."

ಯಂತ್ರ ಸದ್ದು ಮಾಡಿತು. ಸರದಿ ಮುಗಿದಿತ್ತು. ನರ್ಸ್ ಸೂಜಿ ತೆಗೆಯಲು ಬಂದಳು. ಮಾಮಾ ಕೈ ಅಡ್ಡ ಹಿಡಿದ.

"ಒಂದೀಟು ತಡೀರಿ ಸಿಸ್ಟರ್. ಇನ್ನೂ ಕುಡಿಯಾಕ ಹತ್ಯಾಳ."